ಫಾದರ್ ಹೆಗಲ ಶಲ್ಯ, ನಮ್ಮ ಮಗ್ಗದ ಕೆಲಸ

ಹರಿಹರ: ಸೆಪ್ಟೆಂಬರ್ 8 ಬಂತೆಂದರೆ ಇಲ್ಲಿ ಆರೋಗ್ಯ ಮಾತೆಯ ಹಬ್ಬ. ಜಾತಿ, ಮತ ಎಣಿಸದೆ ಜನ ಹರಕೆ ಹೊತ್ತು ಬರುತ್ತಾರೆ. 2019ರಲ್ಲಿ ಬೆಸಿಲಿಕಾ ಪದವಿ ಪಡೆದ ಈ ದೇವಾಲಯದಲ್ಲಿ ಮೇಣದ ಬತ್ತಿ ಹಚ್ಚಿ ಕೈಮುಗಿಯುವವರೇನೋ ಬಹಳ. ಆದರೆ ಗುರುಗಳ ಕೊರಳಿನಿಂದ ಎರಡೂ ಬದಿಗೆ ಇಳಿಬೀಳುವ ಆ ಉದ್ದನೆಯ ಪಟ್ಟಿಯನ್ನು ನಿಂತು ನೋಡುವವರು ಎಷ್ಟು ಮಂದಿ?

ಅದರ ಹೆಸರು ಸ್ಟೋಲ್. ಪೂಜೆ ಇರಲಿ, ಪಾಪನಿವೇದನೆ ಇರಲಿ, ಗುರುಗಳಿಗೆ ಅದು ಬೇಕೇ ಬೇಕು. ಅಗಲ ಗೇಣಿಗಿಂತ ಕಡಿಮೆ. ಉದ್ದ ಸುಮಾರು ಒಂಬತ್ತು ಅಡಿ. ಒಂದೇ ಇದ್ದರೆ ಸಾಲದು, ಕಾಲ ಬದಲಾದ ಹಾಗೆ ಬಣ್ಣವೂ ಬದಲಾಗಬೇಕು. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲಕ್ಕೂ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲಕ್ಕೂ ನೇರಳೆ. ಕ್ರಿಸ್ಮಸ್, ಈಸ್ಟರ್, ಮಾತೆಯ ಹಬ್ಬಗಳಿಗೆ ಬಿಳಿ. ಗರಿಗಳ ಭಾನುವಾರ, ಶುಭ ಶುಕ್ರವಾರ, ಪೆಂತೆಕೋಸ್ತ ಮತ್ತು ರಕ್ತಸಾಕ್ಷಿಗಳ ದಿನಗಳಿಗೆ ಕೆಂಪು. ವರ್ಷದಲ್ಲಿ ಉಳಿಯುವ 33 ಅಥವಾ 34 ವಾರಗಳಿಗೆ ಹಸಿರು. ರೈತನಿಗೆ ಮಳೆ ನಕ್ಷತ್ರಗಳಿದ್ದ ಹಾಗೆ ಚರ್ಚಿಗೆ ಇದೂ ಒಂದು ಪಂಚಾಂಗವೇ ಸರಿ!

ಇದು ಪರದೇಶದ ಉಡುಪು, ನಮಗೇನು ಸಂಬಂಧ ಅನ್ನುವವರು ಒಂದು ಸಂಗತಿ ತಿಳಿಯಬೇಕು. 1969ರಲ್ಲಿ ಭಾರತದ ಕಥೋಲಿಕ ಪೂಜಾವಿಧಿಗೆ ದೇಶೀಯ ರೂಪ ಕೊಡಲು ರೋಮ್ 12 ಅಂಶಗಳಿಗೆ ಒಪ್ಪಿಗೆ ನೀಡಿತು. ಅವುಗಳಲ್ಲಿ ಉಡುಪಿನ ಮಾತೂ ಇತ್ತು. ಸರಳ ನಿಲುವಂಗಿ, ಅದರೊಡನೆ ಸ್ಟೋಲ್. ಆ ಸ್ಟೋಲ್‌ಗೆ ಅಲ್ಲಿ ಬಳಸಿದ ಪದ 'ಅಂಗವಸ್ತ್ರ'. ಅಂದರೆ ನಮ್ಮ ಹಿರಿಯರು ಹೆಗಲ ಮೇಲೆ ಹಾಕುತ್ತಿದ್ದ ಶಲ್ಯವೇ.

ಮಿಲ್ಲಿನ ಅಗಲ ಬಟ್ಟೆಯಿಂದ ಸ್ಟೋಲ್ ಮಾಡಬೇಕಾದರೆ ಕತ್ತರಿಸಬೇಕು, ಅಂಚು ಮಡಚಿ ಹೊಲಿಯಬೇಕು. ಕೈಮಗ್ಗದಲ್ಲಿ ಬೇಕಾದಷ್ಟೇ ಅಗಲಕ್ಕೆ ಹಾಸು ಹೂಡಿದರೆ ಎರಡೂ ಕಡೆ ಅಂಚು ತಾನಾಗಿ ಕೂಡುತ್ತದೆ. ಆದರೆ ಒಂದು ಪೇಚಿದೆ. ಪಟ್ಟಿ ಕೊರಳ ಸುತ್ತ ಬಂದು ಎರಡು ತುದಿಯೂ ಕೆಳಗೆ ಇಳಿಯುವುದರಿಂದ ಮೊದಲ ತುದಿಯ ಶಿಲುಬೆಯನ್ನೋ ತೆನೆಯನ್ನೋ ಒಂದು ದಿಕ್ಕಿಗೆ ನೇಯ್ದರೆ ಇನ್ನೊಂದು ತುದಿಯದನ್ನು ತಲೆಕೆಳಗಾಗಿ ನೇಯಬೇಕು. ಮರೆತರೆ ಗುರುಗಳ ಎದೆಯ ಮೇಲೆ ಒಂದು ಶಿಲುಬೆ ನೆಟ್ಟಗೆ, ಒಂದು ಬುಡಮೇಲು! ಒಂಬತ್ತು ಅಡಿಯ ದುಡಿಮೆ ದಂಡ. ಇದು ನೇಕಾರನ ಲೆಕ್ಕದ ಕೆಲಸ.

ಆ ಲೆಕ್ಕ ಬಲ್ಲ ಕೈಗಳಿಗೆ ದೂರ ಹೋಗಬೇಕಿಲ್ಲ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ದಾವಣಗೆರೆ, ಹರಿಹರದಿಂದ ಹದಿನಾಲ್ಕು ಕಿಲೋಮೀಟರ್ ಅಷ್ಟೆ. ಹತ್ತಿಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದು ಊರಿಗೆಲ್ಲ ಗೊತ್ತು. 1997ರವರೆಗೆ ದಾವಣಗೆರೆ ಸೇರಿದ್ದ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ಮಗ್ಗಗಳಿವೆ. ಒಡಲಿಗೊಂದು, ಅಂಚಿಗೊಂದು ಬಣ್ಣ ಕೂಡಿಸಿ ನೇಯುವವರಿಗೆ ಗೇಣಗಲದ ಪಟ್ಟಿ ಯಾವ ಮಹಾ?

ಚರ್ಚಿಗೂ ಮಗ್ಗಕ್ಕೂ ನಂಟು ಇಂದಿನದಲ್ಲ. 1851ರಲ್ಲೇ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ನೇಯ್ಗೆ ಕಾರ್ಖಾನೆ ಹೂಡಿದರು. ಮತಾಂತರವಾಗಿ ಕುಲಕಸುಬು ಕಳೆದುಕೊಂಡವರಿಗೆ ಅನ್ನದ ದಾರಿ ಬೇಕಾಗಿತ್ತು. ಅಲ್ಲಿ ನೇಯ್ದದ್ದು ಅಂಗಿ ಬಟ್ಟೆ. ಖಾಕಿ ಬಣ್ಣಕ್ಕೆ ಆ ಕಾರ್ಖಾನೆ ಹೆಸರಾಯಿತು.

ಈಗ ಅನ್ನದ ಪ್ರಶ್ನೆ ನೇಕಾರನದು. 1985ರ ಕೈಮಗ್ಗ ಮೀಸಲಾತಿ ಕಾಯ್ದೆಯಡಿ ಉಳಿದಿರುವ 11 ವಸ್ತುಗಳಲ್ಲಿ ಅಂಗವಸ್ತ್ರವೂ ಒಂದು. ಸ್ಟೋಲ್ ಎಂಬ ಹೆಸರು ಆ ಪಟ್ಟಿಯಲ್ಲಿ ಇಲ್ಲ, ನಿಜ. ಕಾಯ್ದೆ ಹೇಳದಿದ್ದರೇನು, ಕೊಳ್ಳುವವರು ಮನಸ್ಸು ಮಾಡಬಹುದಲ್ಲ! ಮೂವತ್ತು ಮೀಟರ್ ಹಾಸಿನಲ್ಲಿ ಹತ್ತು ಸ್ಟೋಲ್ ಆಗುತ್ತವೆ. ಒಂದೊಂದು ಚರ್ಚು ನಾಲ್ಕು ಬಣ್ಣದ ನಾಲ್ಕು ಪಟ್ಟಿ ನೇಯಿಸಿಕೊಂಡರೆ ನೇಕಾರನೇನೂ ಸಾಹುಕಾರನಾಗಲಾರ. ಮದುವೆ ಸೀಜನ್ ಇಲ್ಲದ ತಿಂಗಳಲ್ಲಿ ಮಗ್ಗ ಸುಮ್ಮನೆ ನಿಲ್ಲುವುದಂತೂ ತಪ್ಪೀತು. ಮುಂದಿನ ಸೆಪ್ಟೆಂಬರ್ ಜಾತ್ರೆಗೆ ಬೇಕಾಗುವುದು ಬಿಳಿ. ಹೇಳಿ ಮಾಡಿಸುವವರು ಈಗಲೇ ಹೇಳಬೇಕು.