ಹಲಸಿನ ತರಗೆಲೆಯಡಿ ಏಡಿಯ ನೆಂಟ

ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಹಲಸಿಗೆ ಹೆಸರಾದ ಊರು. ಸಮುದ್ರ ಇಲ್ಲಿಗೆ 250 ಕಿಲೋಮೀಟರಿಗೂ ದೂರ. ಹಾಗಿದ್ದೂ ಏಡಿ, ಸೀಗಡಿಗಳ ನೆಂಟನೊಬ್ಬ ಇಂಥ ಊರುಗಳ ಮರದ ಬುಡದಲ್ಲಿ, ತಿಪ್ಪೆಯ ಅಂಚಿನಲ್ಲಿ, ಬಚ್ಚಲ ನೀರು ಹರಿಯುವ ಕಲ್ಲಿನಡಿಯಲ್ಲಿ ತಣ್ಣಗೆ ಸಂಸಾರ ಹೂಡಿಕೊಂಡಿದ್ದಾನೆ. ಹೂಕುಂಡ ಎತ್ತಿದೊಡನೆ ಬೂದುಬಣ್ಣದ ಪುಟ್ಟ ಜೀವಿಗಳು ದಿಕ್ಕಾಪಾಲಾಗಿ ಓಡುತ್ತವೆ. ಕೆಲವು ಓಡುವುದಿಲ್ಲ, ಮುಟ್ಟಿದರೆ ಮೆಣಸಿನ ಕಾಳಿನಂತೆ ಉಂಡೆಯಾಗಿ ಬಿದ್ದುಕೊಳ್ಳುತ್ತವೆ. ಮಕ್ಕಳು ಆಡುತ್ತಾರೆ, ದೊಡ್ಡವರು ‘ಯಾವುದೋ ಹುಳ’ ಎಂದು ಹೊಸಕಿ ಹಾಕುತ್ತಾರೆ.

ಇದು ಹುಳುವೂ ಅಲ್ಲ, ಕೀಟವೂ ಅಲ್ಲ. ಇಂಗ್ಲಿಷಿನವರು ಇದನ್ನು ‘ವುಡ್‌ಲೌಸ್’, ಅಂದರೆ ಮರದ ಹೇನು ಎಂದು ಕರೆದಿದ್ದಾರೆ. ಹೇನಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ವಿಜ್ಞಾನಿಗಳ ಲೆಕ್ಕದಲ್ಲಿ ಇದು ಐಸೊಪಾಡ್ ಗುಂಪಿನ ಕಠಿಣಚರ್ಮಿ. ನೆಲದ ಮೇಲೆ ಬದುಕುವ ಇದರ ಪ್ರಭೇದಗಳು ಜಗತ್ತಿನಲ್ಲಿ 3,500ಕ್ಕೂ ಹೆಚ್ಚು.

ನೀರಿನಿಂದ ಮೇಲೆ ಬಂದು ಕೋಟ್ಯಂತರ ವರ್ಷಗಳಾದರೂ ಇದಕ್ಕೆ ನೀರಿನ ಹಂಗು ತಪ್ಪಿಲ್ಲ. ಇದು ಉಸಿರಾಡುವುದು ಹೊಟ್ಟೆಯಡಿ ಬಾಲದ ಹತ್ತಿರವಿರುವ ಕಿವಿರಿನಂಥ ತಟ್ಟೆಗಳಿಂದ. ಅವು ಒಣಗಿದರೆ ಪ್ರಾಣವೇ ಹೋದಂತೆ. ಕೀಟಗಳಿಗಿರುವ ಮೇಣದ ಹೊದಿಕೆ ಇದರ ಮೈಮೇಲೆ ಅಷ್ಟಾಗಿ ಇಲ್ಲ. ಹಗಲೆಲ್ಲ ತೇವದಲ್ಲಿ ಅಡಗಿದ್ದು ರಾತ್ರಿ ಹೊರಬರುವುದು ಅದಕ್ಕೇ. ತಾಯಿ ಮೊಟ್ಟೆಗಳನ್ನೂ ನೆಲದಲ್ಲಿ ಬಿಡುವುದಿಲ್ಲ. ಹೊಟ್ಟೆಯಡಿ ನೀರು ತುಂಬಿದ ಚೀಲದಲ್ಲಿ ಹೊತ್ತು ತಿರುಗುತ್ತದೆ, ತನ್ನದೇ ಒಂದು ಪುಟ್ಟ ಕೆರೆ ಕಟ್ಟಿಕೊಂಡ ಹಾಗೆ.

ಆದ್ದರಿಂದ ಇದನ್ನು ಹುಡುಕುವುದೆಂದರೆ ತೇವವನ್ನು ಹುಡುಕುವುದು. ಮುಂಗಾರು ಹಿಡಿದ ಮೇಲೆ ಎಲ್ಲಿ ನೋಡಿದರೂ ಸಿಕ್ಕೀತು. ಬೇಸಿಗೆಯಲ್ಲಾದರೆ ಹಳೆಯ ಗೋಣಿತಾಟನ್ನು ನೆನೆಸಿ, ಸಂಜೆ ಹಲಸಿನ ಬುಡದಲ್ಲಿ ಹಾಸಿ, ಬೆಳಿಗ್ಗೆ ಎತ್ತಿ ನೋಡಬೇಕು. ಅಪ್ಪ ಅಮ್ಮಂದಿರಿಗೆ ಒಂದು ಮಾತು: ಅದೇ ತಂಪಿಗೆ ಚೇಳು, ಜರಿಗಳೂ ಬರುತ್ತವೆ. ಕಲ್ಲಿನಡಿ ಬೆರಳು ತೂರಿಸಲು ಬಿಡಬೇಡಿ. ಕೋಲಿನಿಂದ ಎತ್ತಬೇಕು, ತೆರೆದ ಬದಿ ಆಚೆ ಮುಖಕ್ಕಿರಬೇಕು.

ಸಿಕ್ಕಿದ್ದನ್ನು ಗಾಜಿನ ಸೀಸೆಗೆ ಹಾಕಿ, ಕೆಳಗಿನಿಂದ ಭೂತಗನ್ನಡಿ ಹಿಡಿದು ಮೊದಲು ಕಾಲೆಣಿಸಬೇಕು. ಬೆಳೆದದ್ದಕ್ಕೆ 7 ಜೊತೆ. ಆರೇ ಜೊತೆ ಕಂಡರೆ ಅದು ಆಗಷ್ಟೇ ತಾಯಿಯ ಚೀಲ ಬಿಟ್ಟ ಮರಿ, ಏಳನೆಯ ಜೊತೆ ಪೊರೆ ಕಳಚಿದ ಮೇಲೆ ಬರುತ್ತದೆ. ಮೈಯ ಅರ್ಧ ಬೆಳ್ಳಗೆ, ಅರ್ಧ ಬೂದುಬಣ್ಣವಾಗಿದ್ದರೆ ಹೊಸ ಜಾತಿ ಸಿಕ್ಕಿತೆಂದು ಕುಣಿಯಬೇಕಿಲ್ಲ. ಇವು ಪೊರೆಯನ್ನು ಎರಡು ಕಂತಿನಲ್ಲಿ ಬಿಡುತ್ತವೆ, ಮೊದಲು ಹಿಂಭಾಗ, ಆಮೇಲೆ ಮುಂಭಾಗ.

ಮಲೆನಾಡಿನ ಕಾಡುಗಳಲ್ಲಿ ಗೋಲಿಯಷ್ಟು ದಪ್ಪಗೆ ಉಂಡೆಯಾಗುವ ಜೀವಿಯೊಂದಿದೆ. ಅದು ಆರ್ತ್ರೋಸ್ಫೀರ ಎಂಬ ಸಹಸ್ರಪದಿ. ಹೆಚ್ಚಿನ ಉಂಗುರಗಳಲ್ಲಿ ಎರಡೆರಡು ಜೊತೆ ಕಾಲಿರುವುದರಿಂದ ಎಣಿಸಿದೊಡನೆ ವ್ಯತ್ಯಾಸ ತಿಳಿದುಬಿಡುತ್ತದೆ. ಅದು ಎಲೆಯನ್ನು ಗೊಬ್ಬರ ಮಾಡುವ ಬಗೆಯನ್ನು ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಅಭ್ಯಾಸ ಮಾಡಿದ್ದಾರೆ.

ಇನ್ನು ಜಾತಿ ಗುರುತಿಸುವ ಕೆಲಸ. ತಿಪ್ಪೆಯಲ್ಲಿ ಸರಸರನೆ ಓಡುವ, ಉಂಡೆಯಾಗದ, ಬಾಲದಲ್ಲಿ ಎರಡು ಮೊನೆ ಚಾಚಿಕೊಂಡ ಜೀವಿ ಸಿಕ್ಕರೆ ಅದರ ಬೆನ್ನನ್ನು ನೋಡಬೇಕು. ಬೆಂಗಳೂರು ನೀಲಿ ದ್ರಾಕ್ಷಿಯ ಮೇಲೆ ಕವಿದಿರುತ್ತದಲ್ಲ, ಅಂಥ ನೀಲಿ ಬೂದು ಪುಡಿ ಇದ್ದು, ಮುಟ್ಟಿದರೆ ಅಳಿಸಿಹೋದರೆ, ಮೀಸೆಯ ಗೆಣ್ಣುಗಳಲ್ಲಿ ಬಿಳಿ ಪಟ್ಟಿಯಿದ್ದರೆ, ಅದು ಪೊರ್ಸೆಲಿಯೊನೈಡಿಸ್ ಪ್ರುಯಿನೋಸಸ್ ಇರುವ ಸಂಭವ ಹೆಚ್ಚು. 1833ರಲ್ಲಿ ಬ್ರಾಂಟ್ ಎಂಬ ವಿಜ್ಞಾನಿ ವಿವರಿಸಿದ ಜೀವಿ ಇದು. ಮೆಡಿಟರೇನಿಯನ್ ಸಮುದ್ರದ ಸುತ್ತಿನ ಮೂಲದ್ದು, ಗೊಬ್ಬರ ಗಿಡಗಳ ಜೊತೆ ಮನುಷ್ಯನ ಬೆನ್ನುಹತ್ತಿ ಲೋಕವೆಲ್ಲ ಸುತ್ತಿದೆ. ಹೊಟ್ಟೆಯಡಿ ಬಾಲದ ಹತ್ತಿರ ಎರಡು ಜೊತೆ ಬಿಳಿ ಮಚ್ಚೆ ಕಂಡರೆ ಅನುಮಾನ ಇನ್ನಷ್ಟು ಕಡಿಮೆ. ಆ ಮಚ್ಚೆಗಳು ಅದರ ಶ್ವಾಸಕೋಶ.

ಉಂಡೆಯಾಗುವವುಗಳಲ್ಲಿ ಮೋಸಹೋಗುವುದು ಸುಲಭ. ಪಾಶ್ಚಾತ್ಯ ಪುಸ್ತಕಗಳಲ್ಲಿ ಎದ್ದು ಕಾಣುವ ಚಿತ್ರ ಆರ್ಮಡಿಲಿಡಿಯಂ ವಲ್ಗೇರ್‌ನದು. ಅದನ್ನೇ ನಮ್ಮದಕ್ಕೂ ಅಂಟಿಸಿಬಿಡುವ ಮೊದಲು ಬಾಲದ ಕೊನೆಯ ತಟ್ಟೆ ನೋಡಬೇಕು. ಅದು ಬುಡುಬುಡಿಕೆಯ ಹಾಗೆ ನಡು ಸಣ್ಣಗಾಗಿದ್ದರೆ ಕ್ಯುಬಾರಿಸ್ ಮತ್ತು ಅದರ ಬಳಗ, ಉಷ್ಣವಲಯದ ಮಂದಿ. ತ್ರಿಕೋನದಂತಿದ್ದರೆ ಮಾತ್ರ ಆರ್ಮಡಿಲಿಡಿಯಂ ಹೆಸರು ಯೋಚಿಸಬೇಕು. ಬ್ರಿಟನ್ನಿನಲ್ಲಿ ಸುಮಾರು 40 ಪ್ರಭೇದಗಳು. ಅವನ್ನು ಗುರುತಿಸಲು ಸ್ಟೀವ್ ಹಾಪ್ಕಿನ್ 1991ರಲ್ಲೇ ಒಂದು ಕೈಪಿಡಿ ಕೊಟ್ಟರು. ಆ ಕೈಪಿಡಿ ಹಿಡಿದು ತೂಬಗೆರೆಯ ಜೀವಿಗೆ ಹೆಸರಿಡಲು ಹೊರಟರೆ ಎಡವುವುದೇ. ಕುಲದ ಹೆಸರಿಗೆ ನಿಲ್ಲಿಸಿ ‘ಜಾತಿ ತಿಳಿಯದು’ ಎಂದು ಬರೆದಿಡುವುದು ಸೋಲೇನಲ್ಲ.

ಶಾಲೆಯ ಯೋಜನೆಗೆ ಇದಕ್ಕಿಂತ ಅಗ್ಗದ ವಿಷಯ ಸಿಗದು. ಡಬ್ಬಿಯೊಂದರ ಅರ್ಧಕ್ಕೆ ಒದ್ದೆ ಕಾಗದ, ಅರ್ಧಕ್ಕೆ ಒಣ ಕಾಗದ ಹಾಸಿ ಹತ್ತು ಜೀವಿಗಳನ್ನು ಬಿಟ್ಟು ಕಾಲು ಗಂಟೆ ಬಿಟ್ಟು ಎಣಿಸಬಹುದು. ಒಣಗಿದ ಕಡೆ ಜೋರಾಗಿ ಅಲೆದು, ಒದ್ದೆಯ ಕಡೆ ನಿಧಾನವಾಗಿ, ಅಲ್ಲೇ ಗುಂಪುಗೂಡುತ್ತವೆ.

ಇನ್ನೊಂದು ಯೋಜನೆ ತೋಟದ್ದು. ಚೊಕ್ಕಟ ಮಾಡುವ ನೆಪದಲ್ಲಿ ತರಗೆಲೆ ಗುಡಿಸಿ ಬೆಂಕಿ ಇಡುವ ರೂಢಿ ಹಳ್ಳಿಯಲ್ಲೂ ಇದೆ, ಪೇಟೆಯಲ್ಲೂ ಇದೆ. ಹಲಸಿನ ದಪ್ಪ ಎಲೆ ಮಣ್ಣಾಗಬೇಕಾದರೆ ಯಾರಾದರೂ ಅದನ್ನು ಚೂರು ಮಾಡಬೇಕು. ಈ ಜೀವಿಗಳು ಅಗಿದು ಹಾಕಿದ ಹಿಕ್ಕೆಯ ಮೇಲೆ ಬೂಷ್ಟು, ಬ್ಯಾಕ್ಟೀರಿಯಾಗಳು ಬೇಗ ಬೆಳೆಯುತ್ತವೆ. ಎಳೆಯ ಸಸಿಗಳನ್ನೂ ಇವು ಆಗಾಗ ಕಡಿಯುವುದುಂಟು, ಪಾತಿ ಮಾಡಿದವರ ದೂರು ಸುಳ್ಳಲ್ಲ. ಆದರೂ ಇವುಗಳ ಮುಖ್ಯ ಆಹಾರ ಕೊಳೆತ ಎಲೆಯೇ. ಎಲೆ ಸುಟ್ಟ ಮರದ ಬುಡದಲ್ಲೊಂದು, ಎಲೆ ಬಿಟ್ಟ ಮರದ ಬುಡದಲ್ಲೊಂದು ಒದ್ದೆ ಗೋಣಿ ಹಾಸಿ, ವಾರಕ್ಕೊಮ್ಮೆ ಎಣಿಸುತ್ತ ಮಳೆಗಾಲ ಮುಗಿಯುವವರೆಗೆ ಬರೆದಿಟ್ಟರೆ, ಬೆಂಕಿ ಏನನ್ನು ಒಯ್ದಿತೆಂಬುದು ವಿದ್ಯಾರ್ಥಿಯ ಪುಸ್ತಕದಲ್ಲೇ ಅಂಕಿಯಾಗಿ ಕಾಣುತ್ತದೆ.

ಬರೆದಿಡುವಾಗ ತಾರೀಖು, ಸ್ಥಳ, ಯಾವುದರ ಅಡಿ ಸಿಕ್ಕಿತು ಎಂಬುದು ಮುಖ್ಯ. ಬೆನ್ನು, ಬಾಲ, ಹೊಟ್ಟೆ ಈ ಮೂರರ ಫೋಟೊ ಇದ್ದರೆ ಮುಂದೆ ಬಲ್ಲವರು ಹೆಸರು ಹೇಳಬಲ್ಲರು. ನೋಡಿದ ಮೇಲೆ ಜೀವಿಗಳನ್ನು ಅಲ್ಲೇ ಬಿಟ್ಟು, ಎತ್ತಿದ ಕಲ್ಲನ್ನು ಮೊದಲಿದ್ದ ಹಾಗೆಯೇ, ಅದೇ ಮಗ್ಗುಲಿಗೆ ಇಡಬೇಕು.