ಮೂಲೆ ಎಂಬ ಹೆಸರಿನ ಆಸ್ಪತ್ರೆ

ಬೆಂಗಳೂರಿನ ಶಿವಾಜಿನಗರ ಬಸ್ ನಿಲ್ದಾಣದ ಬಳಿ ಆಟೊ ನಿಲ್ಲಿಸಿ ‘ಎಚ್‌ಎಸ್‌ಐಎಸ್ ಆಸ್ಪತ್ರೆ’ ಎಂದರೆ ಚಾಲಕರು ತುಸು ಯೋಚಿಸಬಹುದು. ‘ಘೋಷಾ’ ಎಂದರೆ ಸಾಕು, ಗಾಡಿ ತಿರುಗುತ್ತದೆ. ಹಲಸೂರಿನಿಂದ ಬರಲಿ, ಟ್ಯಾನರಿ ರಸ್ತೆಯಿಂದ ಬರಲಿ, ದಿನ ತುಂಬಿದ ಬಸುರಿಯನ್ನು ಕರೆತರುವ ಮನೆಯವರ ಬಾಯಲ್ಲಿ ಇರುವುದು ಆ ಒಂದೇ ಮಾತು. ದಂಡು ಪ್ರದೇಶದ ಎಷ್ಟೋ ಕುಟುಂಬಗಳಲ್ಲಿ ಅಜ್ಜಿ, ಮಗಳು, ಮೊಮ್ಮಗಳು ಮೂವರೂ ಇಲ್ಲೇ ಹೆತ್ತವರು.

ಕನ್ನಡದ ಕಿವಿಗೆ ಈ ಹೆಸರು ವಿಚಿತ್ರವಾಗಿ ಕೇಳುತ್ತದೆ. ಘೋಷ ಎಂದರೆ ನಮಗೆ ದೊಡ್ಡ ದನಿ. ಜಯಘೋಷ, ಘೋಷಣೆ ಎಲ್ಲ ಅದೇ ಬಳಗದವು. ಆದರೆ ಈ ಪದ ಬಂದದ್ದು ಬೇರೆ ದಾರಿಯಿಂದ. ಪಾರಸಿಯಲ್ಲಿ ‘ಗೋಷಾ’ ಎಂದರೆ ಮೂಲೆ. ಪರಪುರುಷರ ಕಣ್ಣಿಗೆ ಬೀಳದೆ ಮನೆಯ ಮೂಲೆಯಲ್ಲೇ ಉಳಿಯುತ್ತಿದ್ದ ಹೆಂಗಸರು ಗೋಷಾ ಹೆಂಗಸರಾದರು, ಆ ರೂಢಿ ಗೋಷಾ ಪದ್ಧತಿಯಾಯಿತು. ಉರ್ದುವಿನ ಮೂಲಕ ನಮ್ಮ ನಾಲಿಗೆಗೆ ಬಂದ ಪದಕ್ಕೆ ಕನ್ನಡಿಗರು ಒಂದು ಮಹಾಪ್ರಾಣ ಸೇರಿಸಿ ‘ಘೋಷಾ’ ಮಾಡಿಕೊಂಡರು. ಅರ್ಥದಲ್ಲಿ ಇಷ್ಟು ಮೆಲ್ಲನೆಯ ಪದಕ್ಕೆ ಇಷ್ಟು ಗಟ್ಟಿ ಸದ್ದು ಸಿಕ್ಕಿತು.

ಇನ್ನು ಎಚ್‌ಎಸ್‌ಐಎಸ್ ಎಂಬ ಆ ನಾಲ್ಕು ಅಕ್ಷರಗಳು. ಹಾಜಿ ಸರ್ ಇಸ್ಮಾಯಿಲ್ ಸೇಟ್. 1859ರಲ್ಲಿ ಹುಟ್ಟಿದ ಅವರು ಕಛ್ಛೀ ಮೆಮನ್ ಸಮುದಾಯದ ವ್ಯಾಪಾರಿ. ಗುಜರಾತಿನ ಕಛ್ ಸೀಮೆಯ ಮೂಲದ ಈ ಜನ ವ್ಯಾಪಾರ ಅರಸುತ್ತ ನಾಡಿನುದ್ದಕ್ಕೂ ಹರಡಿದವರು. ಸಿಪಾಯಿಗಳೂ ಸಾಹೇಬರೂ ತುಂಬಿದ್ದ ಬೆಂಗಳೂರು ದಂಡು ಅವರಿಗೆ ಒಳ್ಳೆಯ ಪೇಟೆಯಾಗಿ ಒದಗಿತು. ಸೇಟರು ಇಲ್ಲಿ ಗಳಿಸಿದರು, ಗಳಿಸಿದ್ದನ್ನು ಇಲ್ಲೇ ಚೆಲ್ಲಿದರು. ಬ್ರಿಟಿಷ್ ಸರ್ಕಾರ ‘ಖಾನ್ ಬಹಾದುರ್’ ಎಂದಿತು. ಮೈಸೂರಿನ ಮಹಾರಾಜರು ‘ಫಕ್ರುತ್ ತುಜ್ಜಾರ್’, ಅಂದರೆ ವರ್ತಕರ ಹೆಮ್ಮೆ, ಎಂದು ಕರೆದರು. 1923ರಲ್ಲಿ ‘ಸರ್’ ಪದವಿ ಬಂತು.

ಎರಡೂ ಕಡೆಯಿಂದ ಬಿರುದು ಬಂದದ್ದರಲ್ಲಿ ಅಂದಿನ ಊರಿನ ಕಥೆಯೇ ಇದೆ. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದರೂ ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟರ ಹಿಡಿತದಲ್ಲೇ ಉಳಿಯಿತು. ಪೇಟೆಗೊಂದು ಪುರಸಭೆ, ದಂಡಿಗೊಂದು ಪುರಸಭೆ. ಎರಡೂ ಕೂಡಿ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ.

ಆಸ್ಪತ್ರೆಯ ಬೇರು ಹುಡುಕುತ್ತ ಹೋದರೆ ಒಂದು ಪದಕದ ಕಥೆ ಸಿಗುತ್ತದೆ. ಮಧ್ಯ ಭಾರತದ ಪನ್ನಾ ಸಂಸ್ಥಾನದ ರಾಣಿಗೆ ಕಾಯಿಲೆಯಾದಾಗ ಲಖನೌದಲ್ಲಿದ್ದ ಮಿಷನರಿ ವೈದ್ಯೆ ಎಲಿಜಬೆತ್ ಬೀಲ್ಬಿ ಹೋಗಿ ಆರೈಕೆ ಮಾಡಿದರು. ಇಂಗ್ಲೆಂಡಿಗೆ ಹೊರಟುನಿಂತ ಬೀಲ್ಬಿಗೆ ರಾಣಿ ಒಂದು ಕೆಲಸ ಒಪ್ಪಿಸಿದಳು: ಈ ದೇಶದ ಹೆಂಗಸರು ಕಾಯಿಲೆ ಬಿದ್ದಾಗ ಪಡುವ ಪಾಡನ್ನು ಚಿಕ್ಕ ಚೀಟಿಯಲ್ಲಿ ಬರೆದು, ಪದಕದೊಳಗಿಟ್ಟು, ವಿಕ್ಟೋರಿಯಾ ರಾಣಿಯ ಕೈಗೇ ಮುಟ್ಟಿಸಬೇಕು. 1881ರಲ್ಲಿ ಬೀಲ್ಬಿ ವಿಕ್ಟೋರಿಯಾ ರಾಣಿಯನ್ನು ಕಂಡು ಆ ಮಾತು ತಲುಪಿಸಿದರು. 1885ರಲ್ಲಿ ವೈಸರಾಯರ ಪತ್ನಿ ಲೇಡಿ ಡಫರಿನ್ ಹೆಂಗಸರ ಚಿಕಿತ್ಸೆಗೆಂದೇ ನಿಧಿಯೊಂದನ್ನು ತೆರೆದರು. ಅದೇ ವರ್ಷ ಮದ್ರಾಸಿನಲ್ಲಿ ಮೇರಿ ಶಾರ್ಲೀಬ್ ಎಂಬ ವೈದ್ಯೆಯ ಪ್ರಯತ್ನದಿಂದ ಗೋಷಾ ಆಸ್ಪತ್ರೆ ಶುರುವಾಯಿತು. ಅದರ ಪೂರ್ತಿ ಹೆಸರಿನಲ್ಲಿ ‘ಜಾತಿ’ ಮತ್ತು ‘ಗೋಷಾ’ ಎರಡೂ ಪದಗಳಿದ್ದವು. ಮೇಲ್ಜಾತಿಯ ಹಿಂದೂ ಮನೆಗಳ ಹೆಂಗಸರೂ ಗಂಡಸು ಡಾಕ್ಟರ ಮುಂದೆ ಬರುತ್ತಿರಲಿಲ್ಲ. ಮೂಲೆ ಒಂದೇ ಧರ್ಮದ್ದಾಗಿರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು.

ಶಿವಾಜಿನಗರದಲ್ಲಿ ಬೌರಿಂಗ್ ಆಸ್ಪತ್ರೆ 1860ರ ದಶಕದಿಂದಲೇ ಇತ್ತು. ಇದ್ದರೇನು? ಅಲ್ಲಿಗೆ ಹೋಗುವ ದಾರಿ ಎಲ್ಲ ಹೆಂಗಸರಿಗೂ ತೆರೆದಿರಲಿಲ್ಲ. ನೋವು ಶುರುವಾದರೆ ಸೂಲಗಿತ್ತಿ ಬರುತ್ತಿದ್ದಳು. ಕೈಗುಣವಿದ್ದ ಸೂಲಗಿತ್ತಿಯರು ಎಷ್ಟೋ ಜೀವ ಉಳಿಸಿದ್ದಾರೆ. ಆದರೆ ಮಗು ಅಡ್ಡ ತಿರುಗಿದ್ದರೆ, ರಕ್ತಸ್ರಾವ ನಿಲ್ಲದಿದ್ದರೆ, ಬಾಣಂತಿಗೆ ನಂಜು ಏರಿದರೆ ಆಕೆಯ ಕೈಯಲ್ಲೂ ಏನೂ ಉಳಿಯುತ್ತಿರಲಿಲ್ಲ. ಕೂಗಳತೆಯ ದೂರದಲ್ಲಿ ಡಾಕ್ಟರು ಇದ್ದೂ ಪರದೆಯ ಈಚೆಗೆ ಸಾವು.

1925ರಲ್ಲಿ ಸೇಟರ ಕೊಡುಗೆಯಿಂದ ಘೋಷಾ ಆಸ್ಪತ್ರೆ ಬಂತು. ಅವರ ದೊಡ್ಡತನ ಕಾಣುವುದು ಕೊಟ್ಟ ಹಣದಲ್ಲಷ್ಟೇ ಅಲ್ಲ. ಪರದೆ ಸರಿಯೇ ತಪ್ಪೇ ಎಂಬ ವಾದ ಆಗಲೂ ಇತ್ತು, ಈಗಲೂ ಇದೆ. ವಾದ ಮುಗಿಯುವವರೆಗೆ ಹೆರಿಗೆ ಕಾಯುವುದಿಲ್ಲ. ಪರದೆ ಸರಿಸಿ ಬಾ ಎಂದು ಹೆಣ್ಣಿಗೆ ಹೇಳುವ ಬದಲು, ಪರದೆಯೊಳಗಿದ್ದೇ ಹೊಸ್ತಿಲು ದಾಟಿ ಬರಬಹುದಾದ ಒಂದು ಜಾಗವನ್ನು ಆ ಮುಪ್ಪಿನ ವ್ಯಾಪಾರಿ ಮಾಡಿಕೊಟ್ಟರು. ಮನೆಯ ಹಿರಿಯರಿಗೆ ಬೇಡ ಎನ್ನಲು ಕಾರಣವೇ ಉಳಿಯದ ಹಾಗೆ. ಮನೆಯೊಳಗಿನ ಹೆಂಗಸರ ಕಷ್ಟವನ್ನು ಹತ್ತಿರದಿಂದ ಕಂಡವರಿಗಷ್ಟೇ ಹೊಳೆಯುವ ಉಪಾಯ ಇದು. ಪೇಟೆಯ ಕಡೆ ಹೆಂಗಸರ, ಮಕ್ಕಳ ವಾಣಿವಿಲಾಸ ಆಸ್ಪತ್ರೆ ಬಂದದ್ದು 1935ರಲ್ಲಿ, ಇದಾದ ಹತ್ತು ವರ್ಷಕ್ಕೆ ಎಂಬುದನ್ನು ನೆನೆದರೆ ಇದರ ಬೆಲೆ ಇನ್ನಷ್ಟು ತಿಳಿಯುತ್ತದೆ.

ಸೇಟರ ಹೆಸರು ಇನ್ನೂ ಎರಡು ಕಡೆ ಸಿಗುತ್ತದೆ. 1898ರ ಪ್ಲೇಗಿನ ನಂತರ, ಇಕ್ಕಟ್ಟಿನ ಕೇರಿಗಳಿಂದ ಜನರನ್ನು ಗಾಳಿ ಬೆಳಕಿನ ಕಡೆ ಕಳಿಸಲು ಹುಟ್ಟಿದ ಬಡಾವಣೆ ಫ್ರೇಜರ್ ಟೌನ್, ಇಂದಿನ ಪುಲಕೇಶಿನಗರ. ಅಲ್ಲಿನ ಮಾಸ್ಕ್ ರಸ್ತೆಯ ಮಸೀದಿ ಅವರ ಹೆಸರಿನದು. ರಂಜಾನ್ ತಿಂಗಳ ಸಂಜೆಗಳಲ್ಲಿ ಹಲೀಮು, ಸಮೋಸಕ್ಕೆಂದು ಊರೆಲ್ಲ ಅಲ್ಲಿ ಸೇರುತ್ತದೆ. ಇನ್ನೊಂದು ರಸೆಲ್ ಮಾರುಕಟ್ಟೆ. 1927ರಲ್ಲಿ ಕಟ್ಟಿದ ಅದನ್ನು 1933ರಲ್ಲಿ ಉದ್ಘಾಟಿಸಿದವರು ಇದೇ ಸೇಟರು. ಪುರಸಭೆಯ ಕಮಿಷನರ್ ರಸೆಲ್ ಅವರ ಹೆಸರು ಕಟ್ಟಡಕ್ಕೆ ಉಳಿಯಿತು. ಮರುವರ್ಷ, 1934ರಲ್ಲಿ, ಸೇಟರು ತೀರಿಕೊಂಡರು. 2012ರಲ್ಲಿ ಬೆಂಕಿ ಬಿದ್ದು ಮಾರುಕಟ್ಟೆಯ ಎಷ್ಟೋ ಅಂಗಡಿಗಳು ಸುಟ್ಟವು. ವ್ಯಾಪಾರಿಗಳು ಮತ್ತೆ ಅಲ್ಲೇ ಬುಟ್ಟಿ ಇಟ್ಟು ಕೂತರು.

ಘೋಷಾ ಈಗ ಸರ್ಕಾರಿ ಆಸ್ಪತ್ರೆ. ಹೆಸರಿನಲ್ಲಿ ಮೂಲೆ ಉಳಿದಿದ್ದರೂ ಬರುವವರಿಗೆ ಜಾತಿ ಧರ್ಮದ ಲೆಕ್ಕವಿಲ್ಲ. ಬುರ್ಖಾದವರ ಪಕ್ಕದ ಮಂಚದಲ್ಲಿ ಮಲ್ಲಿಗೆ ಮುಡಿದವರು, ಅವರ ಪಕ್ಕ ಜಪಮಾಲೆ ಹಿಡಿದವರು. ಕಟ್ಟಡ ಕೆಲಸಕ್ಕೆಂದು ದೂರದ ಊರುಗಳಿಂದ ಬಂದು, ತವರಿಗೆ ಹೋಗಲಾಗದೆ ಇಲ್ಲೇ ಹೆರುವ ಹೆಣ್ಣುಮಕ್ಕಳಿಗೆ ಇಂಥ ಆಸ್ಪತ್ರೆಯೇ ತವರು. ಇಂಥ ಕಡೆ ಬರುವವರು ಹೆಚ್ಚು, ನೋಡುವ ಕೈಗಳು ಕಡಿಮೆ. ಹೊಸ ಯಂತ್ರಗಳಿಗೆ, ಹೊಸ ಹುದ್ದೆಗಳಿಗೆ ಹಣ ಬೇಕು; ಅದರ ಜೊತೆಗೆ ನಾಲ್ಕು ಅಕ್ಷರಗಳನ್ನು ಬಿಡಿಸಿ, ಆ ಮನುಷ್ಯನ ಕಥೆಯನ್ನು ಕನ್ನಡದಲ್ಲೂ ಉರ್ದು, ತಮಿಳಿನಲ್ಲೂ ಬಾಗಿಲಲ್ಲೇ ಬರೆದು ನಿಲ್ಲಿಸುವುದಕ್ಕೆ ಹೆಚ್ಚೇನೂ ಬೇಡ.

ಸಂಜೆ ಹೊತ್ತಿಗೆ ಬೀದಿಯಲ್ಲಿ ಬಸ್ಸುಗಳ ಹಾರನ್ನು, ಹಣ್ಣಿನವರ ಕೂಗು. ಗೇಟಿನ ಹೊರಗೆ ಗಂಡಸರು ಕೈಯಲ್ಲಿ ಫ್ಲಾಸ್ಕು, ಬನ್ನಿನ ಪೊಟ್ಟಣ ಹಿಡಿದು ಕಾಯುತ್ತಾರೆ. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಮಗುವನ್ನು ಅಜ್ಜಿಯೊಬ್ಬರು ಎದೆಗವಚಿಕೊಂಡು ಆಟೊ ಹತ್ತುತ್ತಾರೆ. ಬಾಣಂತಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಮೆಲ್ಲನೆ ಹಿಂದೆ ಬರುತ್ತಾಳೆ. ಆ ಮಗುವಿನ ಜನನ ಪ್ರಮಾಣಪತ್ರದಲ್ಲಿ, ಹುಟ್ಟಿದ ಸ್ಥಳ ಎಂಬ ಸಾಲಿನ ಮುಂದೆ, ಆ ನಾಲ್ಕು ಅಕ್ಷರ ಮತ್ತೊಮ್ಮೆ ದಾಖಲಾಗುತ್ತದೆ.