ಪಾಂಟೂನ್ ದೋಣಿಗೆ ಯಾವ ಬ್ಯಾಟರಿ ಸೂಕ್ತ?

ಅಮೆರಿಕದ ಮಿನ್ನೆಸೋಟ ರಾಜ್ಯವನ್ನು ‘ಹತ್ತು ಸಾವಿರ ಸರೋವರಗಳ ನಾಡು’ ಎಂದು ಕರೆಯುವುದು ವಾಡಿಕೆ. ಆ ರಾಜ್ಯದ ರಿಚ್‌ಮಂಡ್ ಎಂಬ ಪುಟ್ಟ ಊರಿನ ಆಂಬ್ರೋಸ್ ವೀರೆಸ್ ಎಂಬುವರು 1952ರಲ್ಲಿ ಉಕ್ಕಿನ ಪೀಪಾಯಿಗಳನ್ನು ಎರಡು ಸಾಲಾಗಿ ಬೆಸೆದು, ಮೇಲೆ ಮರದ ಅಟ್ಟಣಿಗೆ ಕೂರಿಸಿ ನೀರಿಗಿಳಿಸಿದರು. ಇಂದಿನ ಪಾಂಟೂನ್ ದೋಣಿಯ ಮೂಲ ಅದೇ ಎನ್ನಲಾಗುತ್ತದೆ. ಪೀಪಾಯಿಗಳ ಜಾಗಕ್ಕೆ ಈಗ ಅಲ್ಯೂಮಿನಿಯಂ ಕೊಳವೆಗಳು ಬಂದಿವೆ. ಮೆತ್ತನೆಯ ಆಸನ, ನೆರಳಿಗೆ ಚಾವಣಿ, ಹಾಡು ಕೇಳಲು ಸ್ಟೀರಿಯೊ, ನೀರಿನಡಿಯ ಮೀನಿನ ಸುಳಿವು ನೀಡುವ ಉಪಕರಣ ಎಲ್ಲವೂ ಸೇರಿಕೊಂಡಿವೆ. ಇಡೀ ಸಂಸಾರ ಕುಳಿತು ವಿಹರಿಸಬಹುದಾದ ತೇಲುವ ಜಗಲಿ ಎಂದರೂ ಸಲ್ಲುತ್ತದೆ.

ಈ ಜಗಲಿಯ ಜೀವಾಳವೆಂದರೆ ಆಸನದ ಕೆಳಗೆ ಕಣ್ಣಿಗೆ ಬೀಳದಂತೆ ಕುಳಿತಿರುವ ಬ್ಯಾಟರಿ. ಮಧ್ಯಾಹ್ನ ಎಂಜಿನ್ ನಿಲ್ಲಿಸಿ ಲಂಗರು ಹಾಕಿ, ಹಾಡು ಕೇಳುತ್ತ ಗಾಳ ಹಾಕುತ್ತ ಹೊತ್ತು ಕಳೆದ ಕುಟುಂಬವು ಸಂಜೆ ದಡ ಸೇರಲು ಕೀಲಿ ತಿರುವಿದಾಗ ‘ಟಕ್’ ಎಂಬ ಸದ್ದಷ್ಟೇ ಕೇಳಿಬಂದರೆ ಗತಿಯೇನು? ಗಾಳಿ ಎದ್ದಿರುತ್ತದೆ, ಕತ್ತಲು ಕವಿಯುತ್ತಿರುತ್ತದೆ, ದೀಪಗಳಿಗೂ ಅದೇ ಬ್ಯಾಟರಿಯೇ ಆಧಾರ. ರಸ್ತೆಯಲ್ಲಾದರೆ ನಾಲ್ಕು ಜನ ಸೇರಿ ಕಾರು ತಳ್ಳಬಹುದು. ನೀರಿನ ಮೇಲೆ ಆ ಅನುಕೂಲವಿಲ್ಲ. ಅಗಲವಾದ ಪಾಂಟೂನ್ ದೋಣಿಯನ್ನು ಎದುರುಗಾಳಿಯಲ್ಲಿ ಹುಟ್ಟು ಹಾಕಿ ದಡ ಮುಟ್ಟಿಸುವುದೂ ಸುಲಭವಲ್ಲ. ಹೀಗಾಗಿ ಬ್ಯಾಟರಿಯ ಆಯ್ಕೆ ಇಲ್ಲಿ ಹಣದ ಪ್ರಶ್ನೆಯಷ್ಟೇ ಸುರಕ್ಷತೆಯ ಪ್ರಶ್ನೆಯೂ ಆಗಿದೆ.

ಎರಡು ಬಗೆಯ ಕೆಲಸ

ದೋಣಿಯು ಬ್ಯಾಟರಿಯಿಂದ ಎರಡು ಬೇರೆ ಬೇರೆ ಕೆಲಸಗಳನ್ನು ನಿರೀಕ್ಷಿಸುತ್ತದೆ. ಇವೆರಡರ ವ್ಯತ್ಯಾಸ ತಿಳಿದರೆ ಅರ್ಧ ಗೊಂದಲ ಪರಿಹಾರವಾದಂತೆ. ನಮ್ಮ ಮನೆಗಳ ಉದಾಹರಣೆಯಿಂದಲೇ ಇದನ್ನು ಅರಿಯಬಹುದು. ಕಾರಿನ ಬ್ಯಾಟರಿ ಕೆಲವೇ ಸೆಕೆಂಡುಗಳ ಕಾಲ ನೂರಾರು ಆಂಪಿಯರ್ ವಿದ್ಯುತ್ತನ್ನು ಒಮ್ಮೆಲೇ ಹರಿಸಿ ಎಂಜಿನ್ ಚಾಲೂ ಮಾಡುತ್ತದೆ. ಬಳಿಕ ಆಲ್ಟರ್ನೇಟರ್ ಅದನ್ನು ಮತ್ತೆ ತುಂಬಿಸುತ್ತದೆ. ಇನ್ವರ್ಟರ್‌ಗೆ ಜೋಡಿಸುವ ಟ್ಯೂಬ್ಯುಲರ್ ಬ್ಯಾಟರಿಯಾದರೋ ಕರೆಂಟು ಹೋದಾಗ ಫ್ಯಾನು, ದೀಪಗಳಿಗೆ ಗಂಟೆಗಟ್ಟಲೆ ನಿಧಾನವಾಗಿ ವಿದ್ಯುತ್ ಒದಗಿಸುತ್ತದೆ.

ಎರಡರ ಒಳರಚನೆಯೂ ಬೇರೆ. ಎಂಜಿನ್ ಚಾಲೂ ಮಾಡುವ ಬ್ಯಾಟರಿಯಲ್ಲಿ ತೆಳುವಾದ ಸೀಸದ ಫಲಕಗಳು ಹೆಚ್ಚು ಸಂಖ್ಯೆಯಲ್ಲಿರುತ್ತವೆ. ಫಲಕದ ಮೇಲ್ಮೈ ಹೆಚ್ಚಿದಷ್ಟೂ ಒಮ್ಮೆಲೇ ಹರಿಯುವ ವಿದ್ಯುತ್ ಹೆಚ್ಚುತ್ತದೆ. ‘ಡೀಪ್ ಸೈಕಲ್’ ಎಂದು ಕರೆಯಲಾಗುವ ಎರಡನೆಯ ಬಗೆಯಲ್ಲಿ ಫಲಕಗಳು ದಪ್ಪ. ಪದೇ ಪದೇ ಖಾಲಿಯಾಗಿ ತುಂಬುವುದನ್ನು ಅವು ತಾಳಿಕೊಳ್ಳುತ್ತವೆ. ಮೊದಲ ಬಗೆಯ ಬ್ಯಾಟರಿಯಿಂದ ದಿನವಿಡೀ ಸ್ಟೀರಿಯೊ ನಡೆಸಿದರೆ ತೆಳು ಫಲಕಗಳ ಮೇಲಿನ ಲೇಪ ಉದುರಿ, ಒಂದೆರಡು ಋತುಗಳಲ್ಲೇ ಅದರ ಆಯುಷ್ಯ ಮುಗಿಯುತ್ತದೆ. ‘ಬ್ಯಾಟರಿ ಕಳಪೆ’ ಎಂದು ದೂರುವವರಲ್ಲಿ ಅನೇಕರು ವಾಸ್ತವವಾಗಿ ಅದಕ್ಕೆ ಒಗ್ಗದ ಕೆಲಸ ಹಚ್ಚಿದವರಾಗಿರುತ್ತಾರೆ.

ಎರಡೂ ಕೆಲಸವನ್ನು ತಕ್ಕಮಟ್ಟಿಗೆ ಮಾಡುವ ‘ಡ್ಯುಯಲ್ ಪರ್ಪಸ್’ ಬ್ಯಾಟರಿಗಳೂ ಇವೆ. ಉಪಕರಣಗಳು ಕಡಿಮೆಯಿದ್ದು, ಒಂದೇ ಬ್ಯಾಟರಿಗೆ ಸ್ಥಳವಿರುವ ಸಣ್ಣ ದೋಣಿಗೆ ಇವು ಸಾಕು. ಉಳಿದಂತೆ ಎಂಜಿನ್ನಿಗೊಂದು, ಉಪಕರಣಗಳಿಗೊಂದು ಎಂದು ಎರಡು ಬ್ಯಾಟರಿ ಇರಿಸುವುದೇ ಕ್ಷೇಮ. ಹಾಡು ಕೇಳಿ ಎರಡನೆಯದು ಬರಿದಾದರೂ ಮೊದಲನೆಯದು ದಡ ಸೇರಿಸುತ್ತದೆ.

ಎಷ್ಟು ಸಾಮರ್ಥ್ಯ ಬೇಕು?

ಎಂಜಿನ್ ಚಾಲೂ ಮಾಡುವ ಬ್ಯಾಟರಿಯ ಶಕ್ತಿಯನ್ನು ‘ಕ್ರ್ಯಾಂಕಿಂಗ್ ಆಂಪ್ಸ್’ ಎಂಬ ಅಳತೆಯಲ್ಲಿ ಸೂಚಿಸಲಾಗುತ್ತದೆ. ಇಲ್ಲಿ ಒಂದು ಎಚ್ಚರ ಅಗತ್ಯ. ‘ಕೋಲ್ಡ್ ಕ್ರ್ಯಾಂಕಿಂಗ್’ ಅಳತೆಯನ್ನು ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ, ‘ಮರೈನ್ ಕ್ರ್ಯಾಂಕಿಂಗ್’ ಅಳತೆಯನ್ನು ಸೊನ್ನೆ ಡಿಗ್ರಿಯಲ್ಲಿಯೂ ತೆಗೆಯುತ್ತಾರೆ. ಆದ್ದರಿಂದ ಒಂದೇ ಬ್ಯಾಟರಿಗೆ ಎರಡನೆಯ ಅಂಕಿ ದೊಡ್ಡದಾಗಿ ಕಾಣುತ್ತದೆ. ಎರಡು ಬ್ಯಾಟರಿಗಳನ್ನು ಹೋಲಿಸುವಾಗ ಒಂದೇ ಅಳತೆಯ ಅಂಕಿಗಳನ್ನು ನೋಡಬೇಕು. ಎಷ್ಟು ಬೇಕೆಂಬುದು ಎಂಜಿನ್ ತಯಾರಕರ ಕೈಪಿಡಿಯಲ್ಲೇ ಇರುತ್ತದೆ.

ಡೀಪ್ ಸೈಕಲ್ ಬ್ಯಾಟರಿಯ ಅಳತೆ ಆಂಪಿಯರ್ ಅವರ್. ಇದರ ಲೆಕ್ಕ ಸರಳ: ಪ್ರತಿ ಉಪಕರಣ ಎಳೆಯುವ ಆಂಪಿಯರನ್ನು ಅದು ನಡೆಯುವ ಗಂಟೆಗಳಿಂದ ಗುಣಿಸಿ ಕೂಡಿಸಬೇಕು. ಸ್ಟೀರಿಯೊ 5 ಆಂಪಿಯರಿನಂತೆ 6 ಗಂಟೆಗೆ 30, ಮೀನು ಪತ್ತೆಯ ಉಪಕರಣ 1 ಆಂಪಿಯರಿನಂತೆ 6 ಗಂಟೆಗೆ 6, ಪಂಪು 4 ಆಂಪಿಯರಿನಂತೆ ಒಟ್ಟು 1 ಗಂಟೆಗೆ 4, ದೀಪ ಹಾಗೂ ಮೊಬೈಲ್ ಚಾರ್ಜಿಂಗ್‌ಗೆ 6 ಎಂದಿಟ್ಟುಕೊಂಡರೆ ದಿನದ ಖರ್ಚು 46 ಆಂಪಿಯರ್ ಅವರ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದೆಂಬುದು ಸಾಮಾನ್ಯ ನಿಯಮವಾದ್ದರಿಂದ ಇದರ ಎರಡರಷ್ಟು, ಅಂದರೆ ಸುಮಾರು 100 ಆಂಪಿಯರ್ ಅವರ್ ಸಾಮರ್ಥ್ಯದ್ದು ಬೇಕಾಗುತ್ತದೆ.

ಸದ್ದಿಲ್ಲದೆ ಮೀನಿನ ಬಳಿ ಸಾಗಲು ಬಳಸುವ ಟ್ರೋಲಿಂಗ್ ಮೋಟರಿನ ಲೆಕ್ಕವೇ ಬೇರೆ. 12 ವೋಲ್ಟಿನ ಮಧ್ಯಮ ಗಾತ್ರದ ಮೋಟರು ಪೂರ್ಣ ವೇಗದಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್ ಅವರ್ ಬ್ಯಾಟರಿಯಿಂದ ಅದನ್ನು 2 ಗಂಟೆ ಓಡಿಸಬಹುದೆಂದು ಭಾವಿಸಿದರೆ ಮೋಸಹೋದಂತೆ. ಸೀಸದ ಬ್ಯಾಟರಿಯ ಸಾಮರ್ಥ್ಯವನ್ನು ಸಾಮಾನ್ಯವಾಗಿ 20 ಗಂಟೆಗಳಲ್ಲಿ ನಿಧಾನವಾಗಿ ಖಾಲಿ ಮಾಡಿ ಅಳೆಯಲಾಗುತ್ತದೆ. ರಭಸದಿಂದ ಎಳೆದಷ್ಟೂ ಅದು ಕೊಡುವ ಒಟ್ಟು ವಿದ್ಯುತ್ ಕುಗ್ಗುತ್ತದೆ. ವೇಗ ತಗ್ಗಿಸಿದರೆ ಮಾತ್ರ ಗಂಟೆಗಳು ಹೆಚ್ಚುತ್ತವೆ. ಆದಕಾರಣ ದೊಡ್ಡ ಪಾಂಟೂನ್‌ಗಳಲ್ಲಿ ಈ ಮೋಟರಿಗೆಂದೇ ಪ್ರತ್ಯೇಕ ಬ್ಯಾಟರಿ ಇರಿಸಿ, ಎರಡನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಪಡೆಯುವುದುಂಟು.

ಸೀಸವೋ, ಲಿಥಿಯಮ್ಮೋ?

ಸೀಸ ಮತ್ತು ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ 1859ರಲ್ಲಿ ರೂಪಿಸಿದರು. ದ್ರವ ಆಮ್ಲ ತುಂಬಿದ ಬಗೆ ಇಂದಿಗೂ ಎಲ್ಲಕ್ಕಿಂತ ಅಗ್ಗ. ಆದರೆ ಆಗಾಗ್ಗೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು. ಚಾರ್ಜ್ ಆಗುವಾಗ ಹೊರಬರುವ ಜಲಜನಕ ಅನಿಲಕ್ಕೆ ಕಿಡಿ ತಾಗಿದರೆ ಸ್ಫೋಟವಾಗುವ ಅಪಾಯವಿರುವುದರಿಂದ ಗಾಳಿಯಾಡುವ ಸ್ಥಳದಲ್ಲೇ ಇರಿಸಬೇಕು. ‘ಎಜಿಎಂ’ ಬಗೆಯಲ್ಲಿ ಗಾಜಿನ ನಾರಿನ ಹಾಸು ಆಮ್ಲವನ್ನು ಹೀರಿಕೊಂಡಿರುತ್ತದೆ. ಸೋರುವುದಿಲ್ಲ, ನೀರು ಹಾಕಬೇಕಿಲ್ಲ, ಅಲೆಗಳ ಕುಲುಕಾಟವನ್ನೂ ತಡೆದುಕೊಳ್ಳುತ್ತದೆ. ಆಸನದ ಕೆಳಗೆ ಬ್ಯಾಟರಿ ಇರಿಸುವ ಪಾಂಟೂನ್‌ಗೆ ಇದು ಒಪ್ಪುವ ಆಯ್ಕೆ. ಬೆಲೆ ಮಾತ್ರ ಹೆಚ್ಚು.

ಲಿಥಿಯಂ ಬ್ಯಾಟರಿಗಳಲ್ಲಿ ದೋಣಿಗಳಿಗೆ ಹೆಚ್ಚಾಗಿ ಬಳಕೆಯಾಗುವುದು ಲಿಥಿಯಂ ಐರನ್ ಫಾಸ್ಫೇಟ್ ಬಗೆ. ಸೀಸದ 100 ಆಂಪಿಯರ್ ಅವರ್ ಬ್ಯಾಟರಿ ಸುಮಾರು 30 ಕಿಲೋ ತೂಗಿದರೆ ಇದು 12 ಕಿಲೋ ಆಸುಪಾಸಿನಲ್ಲಿರುತ್ತದೆ. ಶೇ. 80ಕ್ಕೂ ಹೆಚ್ಚು ಬರಿದು ಮಾಡಿದರೂ ಬಾಧೆಯಿಲ್ಲ. ಹೀಗಾಗಿ ಮೇಲಿನ ಲೆಕ್ಕದ 46ಕ್ಕೆ 60 ಆಂಪಿಯರ್ ಅವರ್ ಸಾಕು. ಸೀಸದ್ದು ಕೆಲವು ನೂರು ಬಾರಿ ಖಾಲಿಯಾಗಿ ತುಂಬಬಲ್ಲದಾದರೆ ಇದು ಸಾವಿರಾರು ಬಾರಿ ತಾಳುತ್ತದೆ. ಬೆಲೆ ಇತ್ತೀಚಿನ ವರ್ಷಗಳಲ್ಲಿ ಇಳಿದಿದ್ದರೂ ಮೊದಲ ಖರ್ಚು ಸೀಸಕ್ಕಿಂತ ಹೆಚ್ಚೇ. ವರ್ಷಕ್ಕೆ ಹತ್ತು ಹದಿನೈದು ದಿನ ಮಾತ್ರ ದೋಣಿ ಇಳಿಸುವವರಿಗೆ ಆ ಸಾವಿರಾರು ಬಾರಿಯ ಆಯುಷ್ಯದಿಂದ ಹೆಚ್ಚಿನ ಲಾಭವಿಲ್ಲ. ವಾರಕ್ಕೆ ಮೂರು ದಿನ ಟ್ರೋಲಿಂಗ್ ಮೋಟರ್ ನಡೆಸುವವರಿಗೆ ಅದೇ ಉಳಿತಾಯವಾದೀತು. ಎಂಜಿನ್ ಚಾಲೂ ಮಾಡಲು ಲಿಥಿಯಂ ಬಳಸುವ ಮುನ್ನ ಎಂಜಿನ್ ತಯಾರಕರು ಅದಕ್ಕೆ ಒಪ್ಪಿಗೆ ನೀಡಿದ್ದಾರೆಯೇ ಎಂದು ನೋಡುವುದು ಕಡ್ಡಾಯ.

ಬ್ಯಾಟರಿ ಬದಲಿಸಿದಾಗ ಚಾರ್ಜರನ್ನು ಮರೆಯುವುದು ಹಲವರು ಮಾಡುವ ತಪ್ಪು. ಪ್ರತಿ ಬಗೆಗೂ ತುಂಬಿಸುವ ವೋಲ್ಟೇಜ್ ಬೇರೆ ಬೇರೆ. ಹಳತು ಹೊಸತು, ಸೀಸ ಲಿಥಿಯಂಗಳನ್ನು ಒಂದೇ ಸಾಲಿನಲ್ಲಿ ಬೆರೆಸಬಾರದು. ಬ್ಯಾಟರಿಯನ್ನು ಅಲುಗದಂತೆ ಪಟ್ಟಿಯಿಂದ ಬಿಗಿದು, ತಂತಿಗೆ ಬ್ಯಾಟರಿಯ ಸಮೀಪದಲ್ಲೇ ಫ್ಯೂಸ್ ಅಳವಡಿಸಬೇಕು.

ಚಳಿಗಾಲದ ಪರೀಕ್ಷೆ

ಮಿನ್ನೆಸೋಟದಲ್ಲಿ ಸರೋವರಗಳು ಹೆಪ್ಪುಗಟ್ಟುವ ತಿಂಗಳುಗಳಲ್ಲಿ ದೋಣಿ ದಡದಲ್ಲಿರುತ್ತದೆ. ಬ್ಯಾಟರಿಗಳು ಹೆಚ್ಚಾಗಿ ಕೆಡುವುದು ಈ ಬಿಡುವಿನ ವೇಳೆಯಲ್ಲೇ. ಪೂರ್ಣ ಚಾರ್ಜ್ ಆಗಿರುವ ಸೀಸದ ಬ್ಯಾಟರಿಯ ಆಮ್ಲ ಮೈನಸ್ 50 ಡಿಗ್ರಿಯಲ್ಲೂ ಗಡ್ಡೆಕಟ್ಟದು. ಬರಿದಾದ ಬ್ಯಾಟರಿಯಲ್ಲಿ ದ್ರವವು ಬಹುಪಾಲು ನೀರೇ ಆಗಿರುವುದರಿಂದ ಮೈನಸ್ 10ರ ಸುಮಾರಿಗೇ ಗಡ್ಡೆಕಟ್ಟಿ ಪೆಟ್ಟಿಗೆ ಸೀಳಬಹುದು. ಅಲ್ಲದೆ ಖಾಲಿ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಸಾಮರ್ಥ್ಯ ಶಾಶ್ವತವಾಗಿ ಕುಂದುತ್ತದೆ. ಕೆಲವು ಗಂಟೆ ವಿಶ್ರಾಂತಿ ನೀಡಿ ಮೀಟರಿನಿಂದ ಅಳೆದಾಗ 12.6 ವೋಲ್ಟ್ ಇದ್ದರೆ ತುಂಬಿದೆ, 12.2ಕ್ಕೆ ಇಳಿದಿದ್ದರೆ ಅರ್ಧವಾಗಿದೆ ಎಂದರ್ಥ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಲೇಬಾರದು.

ಕೊಚ್ಚಿಯ ಪಾಠ

ಕೆಲಸಕ್ಕೆ ತಕ್ಕ ಬ್ಯಾಟರಿ ಎಂಬ ಈ ಸೂತ್ರಕ್ಕೆ ನಮ್ಮ ನೆರೆಯಲ್ಲೇ ನಿದರ್ಶನವಿದೆ. 2023ರ ಏಪ್ರಿಲ್‌ನಲ್ಲಿ ಆರಂಭವಾದ ಕೊಚ್ಚಿ ಜಲ ಮೆಟ್ರೊ ದೋಣಿಗಳಿಗೆ ಲಿಥಿಯಂ ಟೈಟನೇಟ್ ಬ್ಯಾಟರಿ ಆರಿಸಲಾಯಿತು. ಅಷ್ಟೇ ವಿದ್ಯುತ್ ಹಿಡಿದಿಡಲು ಇದು ಹೆಚ್ಚು ಭಾರವಾಗಿರಬೇಕು, ಬೆಲೆಯೂ ದುಬಾರಿ. ಆದರೆ ಪ್ರಯಾಣಿಕರು ಹತ್ತಿ ಇಳಿಯುವ ಅಲ್ಪಾವಧಿಯಲ್ಲೇ ಬೇಗ ಚಾರ್ಜ್ ಮಾಡಬಹುದು, ದಿನಕ್ಕೆ ಹಲವು ಬಾರಿ ಹಾಗೆ ಮಾಡಿದರೂ ಬಾಳಿಕೆ ಬರುತ್ತದೆ. ದಿನವಿಡೀ ಸಂಚರಿಸುವ ದೋಣಿಗೆ ಸರಿಹೊಂದುವ ಈ ಬ್ಯಾಟರಿ ವಾರಾಂತ್ಯದ ವಿಹಾರದ ಪಾಂಟೂನ್‌ಗೆ ಅನಗತ್ಯ ಹೊರೆಯಾದೀತು.

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಕಾಗದ ಹಿಡಿದು ಕೂರುವುದು ಒಳಿತು. ಎಂಜಿನ್ನಿಗೆ ಎಷ್ಟು ಬೇಕು, ಉಪಕರಣಗಳು ಎಷ್ಟು ಎಳೆಯುತ್ತವೆ, ವರ್ಷಕ್ಕೆ ಎಷ್ಟು ದಿನ ದೋಣಿ ನೀರಿಗಿಳಿಯುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡರೆ ಯಾವ ಬ್ಯಾಟರಿ ಎಂಬುದು ಬಹುಮಟ್ಟಿಗೆ ತಾನಾಗಿಯೇ ತೀರ್ಮಾನವಾಗುತ್ತದೆ. ದಡದಲ್ಲಿ ಅರ್ಧ ಗಂಟೆ ವ್ಯಯಿಸಿ ಮಾಡಿದ ಲೆಕ್ಕ, ಸಂಜೆ ಮನೆಮಂದಿಯೊಂದಿಗೆ ನಡುನೀರಿನಲ್ಲಿ ಕೈಚೆಲ್ಲಿ ಕೂರುವ ಪ್ರಸಂಗವನ್ನು ತಪ್ಪಿಸುತ್ತದೆ.